ಏಳನೆಯ ಹಟ್ಟಿ

ಮುಧೋಳ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ಹತ್ತೊಂಬತ್ತು ವರ್ಷ ಕೂತ ಭೀಮಶಿ, ತಾಲ್ಲೂಕಿನ ಅರ್ಧ ಮಂದಿಯನ್ನು ಬಸ್ಸು ಹತ್ತಿಸಿ ಕಳಿಸಿದ್ದನೇ ಹೊರತು ತಾನು ಎಲ್ಲಿಗೂ ಹೋದವನಲ್ಲ. ಬೆಳಗಾವಿ ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಬಿಟ್ಟಿತು, ವಿಜಯಪುರದ್ದು ಯಾಕೆ ತಡವಾಯಿತು ಎಂದು ಬರೆದಿಡುವುದು ಅವನ ಹೊಟ್ಟೆಪಾಡು. ಬರೆದೂ ಬರೆದೂ ಮನುಷ್ಯನೇ ಒಂದು ವೇಳಾಪಟ್ಟಿಯಾಗಿಬಿಟ್ಟಿದ್ದ. ಯಾರದಾದರೂ ಮದುವೆಗೆ ಹೋದರೆ ಅಕ್ಕಿಕಾಳು ಬಿದ್ದ ಹೊತ್ತನ್ನು ಕೈಗಡಿಯಾರದಲ್ಲಿ ನೋಡಿ ಲಗ್ನಪತ್ರಿಕೆಯ ಜೊತೆ ತಾಳೆ ಹಾಕುವನು. ಐದು ನಿಮಿಷ ಹೆಚ್ಚುಕಡಿಮೆಯಾದರೆ ಅವತ್ತಿನ ಊಟ ಅವನಿಗೆ ರುಚಿಸುತ್ತಿರಲಿಲ್ಲ.

ಕಳೆದ ದೀಪಾವಳಿಗೆ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡ ಮೇಲೆ ಈ ಪಿಡುಗು ರನ್ನ ಬೆಳಗಲಿಯ ಅವನ ಮನೆಯೊಳಕ್ಕೂ ಬಂತು. ಶಿವರಾತ್ರಿ ಕಳೆದ ಮೇಲಿನ ಐತವಾರ ಹೊರಡುವುದು, ಬನಹಟ್ಟಿಗೆ ಕೊಟ್ಟ ತಂಗಿ ಮಾಲಾಳನ್ನು ಅವಳ ಮನೆ ಬಾಗಿಲಲ್ಲೇ ಹತ್ತಿಸಿಕೊಳ್ಳುವುದು, ಜಮಖಂಡಿ, ಅಥಣಿ, ಮಿರಜ ದಾಟಿ ಕೊಲ್ಲಾಪುರ, ಮರುದಿನ ಪನ್ಹಾಳಗಡ, ಅಲ್ಲಿಂದ ಘಟ್ಟ ಇಳಿದು ಕೊಂಕಣದ ಸಮುದ್ರ. ಬುಧವಾರ ಸಂಜೆ ಆರೂವರೆಗೆ ಮನೆ. ಇದಕ್ಕೆಂದೇ ಇನ್ನೂರು ಪುಟದ ನೋಟ್‌ಬುಕ್ ಬಂತು. ಮೊದಲ ಪುಟದಲ್ಲಿ ಕಾರು: ಗಾಲಿಯ ಗಾಳಿ, ಸ್ಟೆಪ್ನಿ, ಜಾಕು, ವಿಮೆಯ ಕಾಗದ. ಎರಡನೆಯದರಲ್ಲಿ ಹೊಟ್ಟೆ: ಕಡಕ್ ರೊಟ್ಟಿ ಅರವತ್ತು, ಹಚ್ಚಿಕೊಳ್ಳಲು ಶೇಂಗಾ ಹಿಂಡಿ, ಅಗಸಿ ಹಿಂಡಿ, ಸಿಹಿಗೆ ಮಾದಲಿ, ವಾಂತಿಯವರಿಗೆ ಲಿಂಬೆಹಣ್ಣು. ಮೂರನೆಯದರಿಂದ ದಾರಿ ಶುರು. ಬೆಳಗಿನ ಐದಕ್ಕೆ ಬಿಡುವುದರಿಂದ ಹಿಡಿದು ಯಾವ ಊರಿನಲ್ಲಿ ಎಷ್ಟು ನಿಮಿಷ ಎನ್ನುವವರೆಗೆ ಕೆಂಪು ಶಾಯಿಯಲ್ಲಿ ಗೆರೆ ಹೊಡೆದು ಬರೆದಿದ್ದ.

ಹೆಂಡತಿ ಪೂನಮ್ ಆ ಪುಟಗಳ ಮೇಲೆ ಬೆರಳಾಡಿಸಿ ಕೇಳಿದಳು. "ಎಲ್ಲಾ ಬರದೀರಿ. ನಗೂದಕ್ಕ ಎಷ್ಟ ನಿಮಿಷ ಇಟ್ಟೀರಿ?"

"ಚೇಷ್ಟಿ ಮಾಡಬ್ಯಾಡ. ದಾರಿ ಮ್ಯಾಲ ತ್ರಾಸ ಆದ ಮ್ಯಾಲ ಗೊತ್ತಾಕ್ಕೈತಿ ನಿನಗ."

ತ್ರಾಸ ಆಗಿದ್ದು ದಾರಿಯ ಮೇಲಲ್ಲ, ಅಡುಗೆಮನೆಯಲ್ಲಿ. ಸಂಜೆ ಅವ್ವ ಯಲ್ಲಕ್ಕ ರೊಟ್ಟಿ ಬಡಿಯುತ್ತಿದ್ದಳು. ಎಪ್ಪತ್ತು ದಾಟಿದ್ದರೂ ರೊಟ್ಟಿಯ ಕೆಲಸವನ್ನು ಸೊಸೆಗೆ ಬಿಟ್ಟವಳಲ್ಲ. ಭೀಮಶಿ ಒಲೆಯ ಎದುರಿಗೆ ಮಣೆ ಹಾಕಿಕೊಂಡು ಕೂತು ದಾರಿಯನ್ನೆಲ್ಲ ಓದಿ ಹೇಳಿದ. ಯಲ್ಲಕ್ಕ ಕೊಲ್ಲಾಪುರಕ್ಕೂ ತಲೆ ಎತ್ತಲಿಲ್ಲ, ಸಮುದ್ರಕ್ಕೂ ತಲೆ ಎತ್ತಲಿಲ್ಲ. ಓದುವುದು ಮುಗಿದ ಮೇಲೆ ಒಂದೇ ಒಂದು ಮಾತು ಕೇಳಿದಳು.

"ಈ ದಾರಿ ಹೊತ್ತ ಮುಳಗೂ ಕಡೆ ಹೋಗತೈತೇನು?"

"ಹೂಂ ಬೇ. ಪಡುವಣಕ್ಕ."

"ಹಂಗಾದ್ರ ಅನಸವ್ವನ ಹೊಲ ದಾರ್‍ಯಾಗ ಸಿಗಬಹುದು. ಅಲ್ಲಿ ಒಂದೀಟ ನಿಂದರಸು."

ಅನಸವ್ವ ಯಾರೆಂದು ಭೀಮಶಿಗೆ ಗೊತ್ತಿರಲಿಲ್ಲ. ನಲವತ್ತಾರು ವರ್ಷ ಒಂದೇ ಸೂರಿನ ಕೆಳಗೆ ಉಂಡು ಮಲಗಿದ ಮನೆಯಲ್ಲಿ ಈ ಹೆಸರು ಒಂದು ಸಲವೂ ಬಿದ್ದಿರಲಿಲ್ಲ. ಆಕೆ ಯಾರು ಎಂದು ಕೇಳಿದ್ದಕ್ಕೆ ಯಲ್ಲಕ್ಕ ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿ, "ನಿನಗ ಹಾಲ ಕುಡಸಿದಾಕಿ" ಎಂದಳು. ಅಷ್ಟು ಹೇಳಿ ಅವತ್ತು ಬಾಯಿ ಮುಚ್ಚಿದಳು.

ಕುರಿಯವರ ದೇವರು ಬೀರೇಶ್ವರನ ಒಕ್ಕಲಿನ ಇತರ ಮನೆಗಳ ಹಾಗೆ ಭೀಮಶಿಯ ಮನೆಯಲ್ಲೂ ಒಂದು ಕಾಲಕ್ಕೆ ಕುರಿ ಇದ್ದವು. ಈಗಿಲ್ಲದ ಅಪ್ಪ ಮಾಳಿಂಗರಾಯನಿಗೆ ಇನ್ನೂರು ಕುರಿಯ ಹಿಂಡಿತ್ತಂತೆ. ದೀಪಾವಳಿ ಮುಗಿಯುತ್ತಲೇ ಕುರಿ, ನಾಯಿ, ಹೆಂಡಿರು, ಮಕ್ಕಳು ಸಮೇತ ಊರು ಬಿಟ್ಟರೆ ಮುಂಗಾರಿಗೇ ತಿರುಗಿ ಬರುವುದು. ಸಂಜೆ ಯಾರದಾದರೂ ಹೊಲದಲ್ಲಿ ಕುರಿ ತರುಬಿ ನಿಲ್ಲಿಸುವುದು. ಕುರಿ ಹಿಕ್ಕೆ ಹಾಕಿದ ಹೊಲ ಮರುವರ್ಷ ಚೆನ್ನಾಗಿ ಬೆಳೆಯುತ್ತದೆಂದು ಹೊಲದವರು ಕಾಳುಕಡಿ ಕೊಡುವುದು. ಹಾಗೆ ಇಳಿದ ಜಾಗಕ್ಕೆ ಹಟ್ಟಿ ಎನ್ನುತ್ತಾರೆ. ಭೀಮಶಿಗೆ ಬುದ್ಧಿ ಬರುವ ಹೊತ್ತಿಗೆ ಬೀಳು ಹೊಲಗಳೆಲ್ಲ ಕಬ್ಬಾಗಿ, ಕುರಿಗೆ ಕಾಲಿಡಲು ಜಾಗವಿಲ್ಲದೆ ಅಪ್ಪ ಹಿಂಡು ಮಾರಿ ಎತ್ತು ಕಟ್ಟಿದ್ದ. ಹಾಗಾಗಿ ಕುರಿಯ ವಿಷಯದಲ್ಲಿ ಭೀಮಶಿಯ ತಿಳಿವಳಿಕೆ ಹಬ್ಬದ ದಿನದ ಸಾರಿಗಿಂತ ಮುಂದೆ ಹೋಗಿರಲಿಲ್ಲ.

ಮುಂದಿನ ಮೂರು ದಿನ ಅವ್ವ ರೊಟ್ಟಿ ಬಡಿಯುತ್ತಾ ತುಣುಕು ತುಣುಕಾಗಿ ಹೇಳಿದಳು. ಮಗ ಬರೆದುಕೊಂಡ.

ಮೊದಲ ದಿನ ಗೊತ್ತಾಗಿದ್ದು, ತಾನು ರನ್ನ ಬೆಳಗಲಿಯಲ್ಲಿ ಹುಟ್ಟಿದವನೇ ಅಲ್ಲ ಎಂದು. ಆಧಾರ್ ಕಾರ್ಡಿನಲ್ಲಿ ಇರುವ ಜೂನ್ ಒಂದನೇ ತಾರೀಖನ್ನು ಸಾಲಿಯ ಮಾಸ್ತರರು ಕೊಟ್ಟದ್ದು ಎಂಬುದು ಅವನಿಗೆ ತಿಳಿದೇ ಇತ್ತು. ಊರನ್ನೂ ಅವರೇ ಕೊಟ್ಟದ್ದು ಎಂಬುದು ಹೊಸ ಸುದ್ದಿ. ಆ ವರ್ಷದ ಏಳನೆಯ ಹಟ್ಟಿಯಲ್ಲಿ, ಶಿವರಾತ್ರಿಯ ಮುಂಜಾನೆ, ಒಂದು ಹೊಳೆಯ ದಂಡೆಯಲ್ಲಿ ಬಾವಿಯ ಪಕ್ಕದ ಜೋಡಿ ಬೇವಿನ ಮರದ ಕೆಳಗೆ ಅವನು ಹುಟ್ಟಿದ್ದ. ಎಲ್ಲರಿಗೂ ಊರಿನ ವೇಳೆ ಹೇಳುವ ಮನುಷ್ಯ ತಾನೇ ದಾರಿಯ ನಡುವೆ ಇಳಿದವನೆಂದು ಪೂನಮ್ ಮನಸಾರೆ ನಕ್ಕಳು. ಭೀಮಶಿ ನಗಲಿಲ್ಲ, 'ಹಟ್ಟಿ ೭' ಎಂದು ಬರೆದುಕೊಂಡ.

ಎರಡನೆಯ ದಿನ ಹಾಲಿನ ಮಾತು. ಹೆತ್ತ ಮರುದಿನವೇ ಯಲ್ಲಕ್ಕನಿಗೆ ಮೈಸುಡುವ ಜ್ವರ ಬಂತು, ಎದೆಯಲ್ಲಿ ಒಂದು ಹನಿ ಹಾಲಿಲ್ಲ. ಮೇವು ತೀರಿತ್ತು; ಮಾಳಿಂಗರಾಯ ಹಿಂಡು ಹೊಡೆದುಕೊಂಡು ಹೊಳೆಯಾಚೆ ಹೋಗಲೇಬೇಕಾಯಿತು. ಬಾಣಂತಿಯನ್ನು ಹೊಲದವಳ ಮನೆಯಲ್ಲಿ ಬಿಟ್ಟು ಹೋದ. ಆ ಹೊಲದವಳೇ ಅನಸವ್ವ. ಅವಳ ಚೊಚ್ಚಲ ಗಂಡುಕೂಸು ತೀರಿಹೋಗಿ ಆರು ದಿನವಾಗಿತ್ತು. ಹಾಲು ಇನ್ನೂ ನಿಂತಿರಲಿಲ್ಲ. ಒಂಬತ್ತು ದಿನ ಭೀಮಶಿಯನ್ನು ಅವಳೇ ಕುಡಿಸಿದಳು, ಎರೆದಳು, ತನ್ನ ಕೂಸಿಗೆ ಹೊಲಿಸಿಟ್ಟ ಅಂಗಿ ತೊಡಿಸಿದಳು.

"ಛಲೋ ಮನಶ್ಯಾಳ ಬಿಡು" ಎಂದ ಭೀಮಶಿ. ತಿರುಗಿ ಮೂರನೆಯ ಪುಟ ತೆಗೆದು ಅಥಣಿ ಮತ್ತು ಮಿರಜದ ನಡುವೆ, 'ಅನಸವ್ವ, ೨೦ ನಿಮಿಷ' ಎಂದು ಸೇರಿಸಿದ. ಓದಿಯೂ ಹೇಳಿದ.

ಯಲ್ಲಕ್ಕ ಬಡಿಯುತ್ತಿದ್ದ ಕೈ ನಿಲ್ಲಿಸಿದಳು. "ಇಪ್ಪತ್ತ ನಿಮಿಷನಾ?"

"ಕಡಿಮಿ ಆತೇನು? ಹತ್ತ ನಿಮಿಷ ಹೆಚ್ಚ ಮಾಡೂಣು."

ಅವಳು ಮುಂದಿನ ರೊಟ್ಟಿಗೆ ಹಿಟ್ಟು ತೆಗೆದುಕೊಂಡಳು. ಮೂರನೆಯ ದಿನ ರೊಟ್ಟಿಯೆಲ್ಲ ಮುಗಿದು, ಹಂಚು ಇಳಿಸಿ, ಕೈ ತೊಳೆದುಕೊಂಡು ಬಂದು ಮಗನ ಎದುರಿಗೆ ಕೂತಳು. ಉಳಿದ ಮಾತನ್ನು ಅವಳು ಕೆಲಸ ಮಾಡುತ್ತಾ ಹೇಳಲಾರದೆ ಹೋಗಿದ್ದಳು.

"ಒಂಬತ್ತನೇ ದಿನ ಆಕಿ ನಿನ್ನ ಹೆಸರ ಹಿಡದ ಕರದ್ಲು. ನಾವಿನ್ನೂ ಹೆಸರ ಇಟ್ಟಿರಲಿಲ್ಲ. ಹೋದ ಕೂಸಿನ ಹೆಸರ ಅದು. ನೀ ಆಕಿ ಧ್ವನಿಗೆ ತಿರಿಗಿ ನೋಡಿದಿ. ನನ್ನ ಎದಿ ಝಲ್ಲಂತು. ಈಕಿ ನನಗ ತಿರಿಗಿ ಕೊಡಾಂಗಿಲ್ಲ ಅನಸ್ತು. ನಸುಕಿನ್ಯಾಗ ಆಕಿ ಹಾಲ ಹಿಂಡಾಕ ಹೋಗಿದ್ಲು. ನಿನ್ನ ಎತಗೊಂಡ ಹೊಳಿ ದಾಟಿ ಬಂದಬಿಟ್ಟೆ. ಮೊಣಕಾಲಮಟ ನೀರಿತ್ತು. ಹೇಳಲಿಲ್ಲ, ಕೇಳಲಿಲ್ಲ. ಆಕಿ ಕೊಟ್ಟ ಅಂಗಿ ನಿನ್ನ ಮೈಮ್ಯಾಲ ಇತ್ತು."

"ಮುಂದ?"

"ಮುಂದೇನು. ಬರೂ ವರ್ಷ ತೋರಸಾಕ ತರ್ತೀನಿ ಅಂತ ಮೊದಲ ಮಾತ ಕೊಟ್ಟಿದ್ದೆ. ಯಾವ ಮುಖ ತಗೊಂಡ ಹೋಗ್ಲಿ? ಆ ದಾರಿ ಬ್ಯಾಡ ಅಂತ ನಿಮ್ಮಪ್ಪಗ ಗಂಟಬಿದ್ದೆ. ಆಮ್ಯಾಲ ಕುರೀನ ಹೋದುವು." ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಈಗ ಕಣ್ಣ ಮಂಜಾಗಾಕತ್ತಾವ. ಆಕಿ ಮುಖ ಕಾಣೂದರಾಗ ಒಮ್ಮಿ ನಿನ್ನ ತೋರಸ್ಬೇಕು. ಬೈದ್ರ ಬೈಲಿ, ಹೊಡದ್ರ ಹೊಡೀಲಿ."

ಭೀಮಶಿಗೆ ಅವ್ವನ ಮೇಲೆ ಕನಿಕರವೂ ಬಂತು, ಆ ಕಾಣದ ಹೆಂಗಸಿನ ಮೇಲೆ ಏನೋ ಒಂದು ಸಂಕಟವೂ ಬಂತು. ಇಂಥ ಹೊತ್ತಿನಲ್ಲಿ ಅವನಿಗೆ ಗೊತ್ತಿದ್ದ ಕೆಲಸ ಒಂದೇ, ನೋಟ್‌ಬುಕ್ ತೆರೆಯುವುದು. ಇಪ್ಪತ್ತು ನಿಮಿಷವನ್ನು ಹೊಡೆದುಹಾಕಿ ಎರಡು ತಾಸು ಎಂದು ಬರೆದ. ಆಮೇಲೆ ಕೇಳಿದ, "ಕುರಿ ದಿನಕ್ಕ ಎಷ್ಟ ನಡೀತಾವ ಬೇ?"

"ನಡದ್ರ ನಾಕ ಹರದಾರಿ."

ಬಸ್ಸಿನ ಟಿಕೇಟಿನ ಸ್ಟೇಜುಗಳಲ್ಲೇ ಬದುಕು ಸವೆಸಿದವನಿಗೆ ಅಷ್ಟು ಸಾಕಾಯಿತು. ನಾಲ್ಕು ಹರದಾರಿ ಎಂದರೆ ಹತ್ತೊಂಬತ್ತು ಕಿಲೋಮೀಟರು. ಏಳು ಹಟ್ಟಿ ಎಂದರೆ ನೂರಾ ಮೂವತ್ತಮೂರು. ಕಡೆಕಡೆಗೆ ಹೊತ್ತು ಮುಳುಗುವ ಕಡೆ ನಡೆದದ್ದು. ಮೊಣಕಾಲು ಮುಳುಗುವ ಸಣ್ಣ ಹೊಳೆ. ಮೊಬೈಲಿನ ಮ್ಯಾಪಿನ ಮೇಲೆ ಬೆರಳಿಟ್ಟು ನೋಡಿದರೆ ಅಥಣಿಯಾಚೆ ಅಗ್ರಣಿ ಹಳ್ಳ ತಾನೇ ಎದ್ದು ಬಂತು. ಊರಿನ ಹೆಸರು ಕೇಳಿದರೆ ಮಾತ್ರ ಯಲ್ಲಕ್ಕ ತಲೆಯಾಡಿಸಿದಳು. ಅವಳಿಗೆ ಗೊತ್ತಿದ್ದವು ಹಟ್ಟಿಯ ಹೆಸರುಗಳು. ಕರಿಕಲ್ಲು, ಗೌಡರ ಬಾವಿ, ಕುಂಟಹುಣಸಿ. ಇವೆಲ್ಲ ಕುರಿಯವರು ಕುರಿಯವರಿಗಾಗಿ ಇಟ್ಟ ಹೆಸರುಗಳು, ಯಾವ ಬಸ್ಸಿನ ಬೋರ್ಡಿನ ಮೇಲೂ ಇರಲಿಲ್ಲ. "ನಾ ಜತ್ತ ಕಡೆಯಿಂದ ಹೊಸದಾಗಿ ಲಗ್ನಾಗಿ ಬಂದಾಕಿ. ಮರಿ ಕಾಲ ನೋಡ್ಕೋಂತ ಹಿಂದಿಂದ ನಡದಾಕಿ. ಊರ ಹೆಸರ ನನಗ್ಯಾರ ಹೇಳ್ಯಾರ?"

ಹೊಳೆ ಕೃಷ್ಣೆ ಏನಾದರೂ ಇರಬಹುದೇ ಎಂದು ಪೂನಮ್ ಒಂದು ಸಲ ಅನುಮಾನ ತೆಗೆದಳು. ಅತ್ತೆ ಅದನ್ನು ಅಲ್ಲೇ ಕಡಿದುಹಾಕಿದಳು. ಕೃಷ್ಣೆಯನ್ನು ಅವಳು ಕಂಡಿದ್ದಳು. ಹಿಂದೊಮ್ಮೆ ಸಂಕ್ರಾಂತಿಗೆ ಓಣಿಯ ಹೆಂಗಸರ ಜೊತೆ ಟೆಂಪೋದಲ್ಲಿ ಚಿಕ್ಕಪಡಸಲಗಿಗೆ ಹೋಗಿ, ರೈತರು ಕಟ್ಟಿದ ಬ್ಯಾರೇಜಿನ ಹತ್ತಿರ ಮುಳುಗು ಹಾಕಿ, ದಂಡೆಯ ಮೇಲೆ ಬುತ್ತಿ ಬಿಚ್ಚಿ ಉಂಡು ಬಂದಿದ್ದಳು. ಅಲ್ಲಿ ಆನೆ ಮುಳುಗುವ ನೀರು. ತಾನು ದಾಟಿದ್ದು ಅದಲ್ಲ.

ಎಲ್ಲ ತಯಾರಾಯಿತು ಎನ್ನುವಾಗ ಯಲ್ಲಕ್ಕ ಹೊಸದೊಂದು ಹಟ ಹಿಡಿದಳು. ಯಾರಾದರೂ ಒಬ್ಬರು ಮೊದಲು ಹೋಗಿ ನೋಡಿ ಬರಬೇಕು.

"ಮ್ಯಾಪ ಐತಿ ಬೇ. ಯಾಕ ಹೋಗಿ ನೋಡೂದು?"

"ಮುಂದ ಒಬ್ಬಾಂವ ಹೋಗಿ ಹೊಲದವ್ರನ್ನ ಕೇಳಿ ಬರದ ನಾವು ಎಂದೂ ಹಟ್ಟಿ ಇಳಿಸಿಲ್ಲ. ಮೇವೈತೇನು, ನೀರೈತೇನು, ಅದೆಲ್ಲ ಆಮ್ಯಾಲಿಂದು. ಹೊಲದವ್ರ ಮನಸೈತೇನು, ಅದನ್ನ ಕೇಳ್ಬೇಕು. ಕರೀದ ಮನಿಗಿ ಹೆಂಗ ಹೋಗ್ಲಿ ನಾನು?"

ಆ ಮಾತಿಗೆ ಭೀಮಶಿ ವಾದ ಬಿಟ್ಟ. ಪ್ರವಾಸದ ಹಿಂದಿನ ಐತವಾರಕ್ಕೆ ಇನ್ನೊಂದು ವೇಳಾಪಟ್ಟಿ ಹಾಕಿಕೊಂಡ. ಬೈಕಿನಲ್ಲಿ ಹೊರಟಾಗ ಯಲ್ಲಕ್ಕ ಅವನ ಹಣೆಗೆ ಮನೆದೇವರು ಬೀರಪ್ಪನ ಭಂಡಾರದ ಅರಿಷಿಣ ಹಚ್ಚಿ ಮೂರು ಮಾತು ಹೇಳಿದಳು. "ಬದುವಿನ ಮ್ಯಾಲ ನಿಂತ ಕೇಳು, ಒಳಗ ಕಾಲಿಡಬ್ಯಾಡ. ಹೂಂ ಅನ್ನೂತನ ನೀರ ಸೈತ ಮುಟ್ಟಬ್ಯಾಡ. ಮತ್ತ ನೀ ಯಾರಂತ ಹೇಳಬ್ಯಾಡ. ತೋರಸೂದು ನನ್ನ ಕೆಲಸ."

ಅಗ್ರಣಿಯ ಬಯಲಿನಲ್ಲಿ ಭೀಮಶಿ ಮಧ್ಯಾಹ್ನದವರೆಗೆ ಅಲೆದ. ಜೋಡಿ ಬೇವು, ಬಾವಿ, ಅನಸವ್ವ ಎಂದು ಕಂಡಕಂಡವರನ್ನು ಕೇಳಿದ. ಒಂದೂರಲ್ಲಿ ಅನಸವ್ವ ಇದ್ದಳು, ಆರನೇ ಇಯತ್ತೆ ಓದುತ್ತಿದ್ದಳು. ಇನ್ನೊಂದೂರಲ್ಲಿ ಬೇವಿತ್ತು, ಬಾವಿ ಇರಲಿಲ್ಲ. ದ್ರಾಕ್ಷಿ ತೋಟದವನೊಬ್ಬ ಅವನನ್ನು ಸರ್ವೆಯವನೆಂದು ತಿಳಿದು ಚಹಾ ಕುಡಿಸಿದ. ಕ್ರಮಬದ್ಧ ಮನುಷ್ಯ ಸೋತಾಗ ಕಾಣುವಷ್ಟು ದೀನವಾಗಿ ಇನ್ನಾರೂ ಕಾಣುವುದಿಲ್ಲ. ಲೆಕ್ಕ ಸರಿಯಾಗಿದೆ, ದಿಕ್ಕು ಸರಿಯಾಗಿದೆ, ಆದರೂ ಊರು ಇಲ್ಲ. ಅವ್ವನಿಗೆ ಏನು ಹೇಳುವುದು ಎಂಬ ಭಾರ ಹೊತ್ತುಕೊಂಡು ತಿರುಗಿ ಹೊರಟ.

ನಾಲ್ಕು ಗಂಟೆಯ ಹೊತ್ತಿಗೆ ಚಿಕ್ಕಪಡಸಲಗಿಯ ಸೇತುವೆ ದಾಟಿದ. ರಸ್ತೆ ಪಕ್ಕ ಕಬ್ಬು ಕಡಿದ ಹೊಲವೊಂದರಲ್ಲಿ ಕುರಿ ಮೇಯುತ್ತಿದ್ದವು. ಬದುವಿನ ಮೇಲೆ ಹೆಗಲಿಗೆ ಕಂಬಳಿ ಹಾಕಿದ ಮುದುಕನೊಬ್ಬ ಮೊಬೈಲಿನಲ್ಲಿ ಡೊಳ್ಳಿನ ಪದ ಕೇಳುತ್ತಾ ಕೂತಿದ್ದ. ಭೀಮಶಿ ಬೈಕು ನಿಲ್ಲಿಸಿದ್ದು ಸೊಂಟ ನೋವಿಗೆ. ಮುದುಕ ಹೆಸರು, ಊರು, ಒಕ್ಕಲು ವಿಚಾರಿಸಿ, ತನ್ನ ಹೆಸರು ಅಮಸಿದ್ದಪ್ಪ ಎಂದು ಹೇಳಿ, ಮೊಬೈಲು ಬಂದ್ ಮಾಡಿದ. ಭೀಮಶಿ ಹುಡುಕಾಟದ ಕತೆ ಹೇಳಿದ. ಕಳ್ಳತನದಿಂದ ಬಂದ ಭಾಗವನ್ನು ಬಿಟ್ಟು, ನೂರಾ ಮೂವತ್ತಮೂರು ಕಿಲೋಮೀಟರಿನ ಲೆಕ್ಕವನ್ನು ಪೂರ್ತಿಯಾಗಿ ಹೇಳಿದ.

ಅಮಸಿದ್ದಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ.

"ನೀ ಖರೆ ಕುರಿಯವ್ರ ಮಗ ಹೌದೇನು?"

"ಹೌದ್ರಿ ಕಾಕಾ. ಯಾಕ್ರಿ?"

"ಏಳ ಹಟ್ಟಿ ಅಂದ್ರ ಏಳ ದಿನ ಅಂತ ಯಾವಾಂವ ಹೇಳಿದ ನಿನಗ? ಹಟ್ಟಿ ಅಂದ್ರ ಬಸ್ಸಿನ ಸ್ಟಾಪೇನು? ಹೊಲ ದೊಡ್ಡದಿದ್ರ ಹದಿನೈದ ದಿನ ಅಲ್ಲೇ ಕೂಡ್ತೀವಿ, ಇಪ್ಪತ್ತ ದಿನಾನೂ ಕೂಡ್ತೀವಿ. ಹೊಲದವ್ರು ಸಾಕು, ಏಳ್ರಿ ಅನ್ನೂತನ ಹಟ್ಟಿ ಏಳಾಂಗಿಲ್ಲ. ಎದ್ರೂ ಮುಂದಿನ ಹೊಲ ಒಮ್ಮೊಮ್ಮಿ ಕೂಗಿದ್ರ ಕೇಳಸೂವಷ್ಟ ದೂರ ಇರತೈತಿ. ದೀಪಾವಳಿಗೆ ಬೆಳಗಲಿ ಬಿಟ್ಟು ಶಿವರಾತ್ರಿಗೆ ಏಳನೇ ಹಟ್ಟಿ ಅಂದ್ರ ಮೂರೂವರಿ ತಿಂಗಳು. ನಿಮ್ಮಪ್ಪ ಮುಧೋಳ ಮ್ಯಾಲಿಂದ ಬೀಳಗಿ ಕಡೆ ಇಳದು, ಹೊಳಿ ಹಿಡಕೊಂಡು ಪಡುವಣಕ್ಕ ಬಂದಿರ್ತಾನ. ನಾವೂ ಹಂಗ ಬರತಿದ್ವಿ."

ಭೀಮಶಿ ಬೆರಳು ಮಡಿಸಿ ಎಣಿಸಲು ಹೋಗಿ ಬಿಟ್ಟುಬಿಟ್ಟ. "ಆದ್ರ ಹೊಳಿ ಮೊಣಕಾಲಮಟ ಇತ್ತಂತ್ರಿ."

"ಬ್ಯಾರೇಜ ಆಗೂಕಿಂತ ಮೊದಲ ಶಿವರಾತ್ರಿಗೆ ಇಲ್ಲಿ ಮೊಣಕಾಲಮಟಾನ ಇರತಿತ್ತು. ನೀರ ನಿಂತದ್ದು ಆಮ್ಯಾಲ." ಮುದುಕ ಕೋಲೆತ್ತಿ ಹೊಳೆಯ ಗುಂಟ ತೋರಿಸಿದ. "ಜ್ವಾಡಬೇವಿನ ಬಾವಿ ಅಗೋ ಅಲ್ಲೈತಿ. ಒಂದ ಗಿಡ ಬಿದ್ದೈತಿ, ಒಂದ ಐತಿ. ಅನಸವ್ವ ಸಂಜೀಮಟ ಹೊಲದಾಗ ಇರ್ತಾಳ, ಹೋಗು."

ರನ್ನ ಬೆಳಗಲಿಯಿಂದ ಇಲ್ಲಿಗೆ ಕಾರಿನಲ್ಲಿ ಒಂದೂಕಾಲು ತಾಸು. ನಲವತ್ತಾರು ವರ್ಷ ಅವ್ವ ಹಂಬಲಿಸಿದ್ದು ಒಂದೂಕಾಲು ತಾಸಿನ ದಾರಿಯನ್ನು. ಸಂಕ್ರಾಂತಿಯ ದಿನ ಅವಳು ಬುತ್ತಿ ಬಿಚ್ಚಿದ ದಂಡೆ ಇಲ್ಲಿಂದ ಕಣ್ಣಿಗೆ ಕಾಣುತ್ತಿತ್ತು. ಭೀಮಶಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಬೆಳಗ್ಗೆ ಇದೇ ಸೇತುವೆಯ ಮೇಲಿಂದ, ವೇಳೆ ತಪ್ಪಬಾರದೆಂದು, ಆಚೀಚೆ ನೋಡದೆ ಹೋಗಿದ್ದ.

ಬೈಕನ್ನು ದಾರಿಯಲ್ಲೇ ಬಿಟ್ಟು ಕಾಲುದಾರಿ ಹಿಡಿದು ನಡೆದ. ಬೇವಿನ ಮರದ ಕೆಳಗೆ ಒಬ್ಬ ಮುದುಕಿ ಚಾಪೆ ಹಾಸಿ ಕಡಲೆಗಿಡ ಬಡಿದು ಕಾಳು ಬೇರೆ ಮಾಡುತ್ತಿದ್ದಳು. ಹಣೆಯ ಮೇಲೆ ವಿಭೂತಿ, ತೆಳ್ಳಗಿನ ಮೈ, ಕೈ ಮಾತ್ರ ಚುರುಕು. ಅವಳ ಹೊಲ ಖಾಲಿಯಿತ್ತು, ಕಬ್ಬಿನ ಕೂಳೆ ಒಣಗಿತ್ತು. ಭೀಮಶಿ ಬದುವಿನ ಮೇಲೆ ನಿಂತ. ಹತ್ತೊಂಬತ್ತು ವರ್ಷ ಮೈಕಿನಲ್ಲಿ ಕೂಗಿದವನು ಮೆಲ್ಲಗೆ ಕೇಳಿದ.

"ಆಯಿ, ಬರೂ ಐತವಾರ ನಿಮ್ಮ ಹೊಲದಾಗ ನಮ್ಮ ಹಟ್ಟಿ ಇಳೀಬೇಕಂತ ಮಾಡೈತ್ರಿ. ಜಾಗ ಕೊಡ್ತೀರೇನ್ರಿ?"

ಅವಳು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. ಪ್ಯಾಂಟು, ಬೂಟು, ಕಿಸೆಯಲ್ಲಿ ಎರಡು ಪೆನ್ನು. ಕುರಿಯವನ ಚಹರೆ ಎಲ್ಲೂ ಇರಲಿಲ್ಲ, ಹಣೆಯ ಮೇಲಿನ ಭಂಡಾರ ಒಂದನ್ನು ಬಿಟ್ಟರೆ.

"ಯಾವೂರ ಹಟ್ಟಿ?"

"ರನ್ನ ಬೆಳಗಲೀದ್ರಿ."

ಬಡಿಯುವ ಕೋಲು ಅವಳ ಕೈಯಲ್ಲಿ ನಿಂತಿತು. "ಬೆಳಗಲಿ ಹಟ್ಟಿ ಈ ಹೊಲಕ್ಕ ಬರದ ಭಾಳ ವರ್ಷ ಆತು. ಕುರಿ ಎಷ್ಟದಾವ?"

"ಕುರಿ ಇಲ್ರಿ. ಮಂದಿ ಅಷ್ಟ. ನಾಕ ಮಂದಿ."

"ಹೆಣ್ಣಮಕ್ಕಳು?"

"ಅದಾರ್ರಿ. ನಮ್ಮವ್ವ ಅದಾಳ."

ಅನಸವ್ವ ಕೋಲು ಕೆಳಗಿಟ್ಟಳು. ಅವನ ಮುಖವನ್ನು ನೋಡುತ್ತಾ ಕೂತಳು. ಬಹಳ ಹೊತ್ತು ನೋಡಿದಳು. ಭೀಮಶಿಗೆ ಓಡಿಹೋಗಬೇಕು ಅನ್ನಿಸಿತು, ಅವಳ ಕಾಲ ಬಳಿ ಕೂತುಬಿಡಬೇಕು ಅಂತಲೂ ಅನ್ನಿಸಿತು. ಎರಡೂ ಮಾಡದೆ ಅವ್ವ ಹೇಳಿದ ಹಾಗೆ ಬದುವಿನ ಮೇಲೆಯೇ ನಿಂತ.

"ಬರ್‍ರಿ" ಎಂದಳು ಅನಸವ್ವ. "ಹೊಲ ಖಾಲಿ ಐತಿ. ಬರ್‍ರಿ."

ಎದ್ದು ಗುಡಿಸಲಿನೊಳಗೆ ಹೋಗಿ ತಂಬಿಗೆಯಲ್ಲಿ ಮಜ್ಜಿಗೆ ತಂದು, ತಾನೇ ಬದುವಿನ ತನಕ ಬಂದು ಕೊಟ್ಟಳು. ಅವನು ಕುಡಿದು ಮುಗಿಸುವವರೆಗೆ ಅಲ್ಲೇ ನಿಂತಳು. ತಂಬಿಗೆ ತಿರುಗಿ ಕೊಟ್ಟಾಗ ಒಳಗೆ ಏನಾದರೂ ಉಳಿದಿದೆಯೇ ಎಂದು ಬಗ್ಗಿಸಿ ನೋಡಿದಳು. ಆಮೇಲೆ ಹೊಳೆಯ ಕಡೆ ಮುಖ ಮಾಡಿ ಹೇಳಿದಳು.

"ನಿಮ್ಮವ್ವಗ ಒಂದ ಮಾತ ಹೇಳು. ಈ ಸಲ ಹೋಗೂ ಮುಂದ ಹೇಳಿ ಹೋಗ್ಬೇಕು."

ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತಾಗಿತ್ತು. ಯಲ್ಲಕ್ಕ ಬಾಗಿಲಲ್ಲೇ ಕೂತಿದ್ದಳು. ಬೈಕಿನ ಸದ್ದಿಗೆ ಎದ್ದವಳು ಮಗನ ಮುಖ ನೋಡಿ ಮತ್ತೆ ಕೂತಳು. ಪೂನಮ್ ನೀರು ತಂದು ಅಲ್ಲೇ ನಿಂತಳು. ಭೀಮಶಿ ಮೊದಲು ದಾರಿಯ ವಿಷಯ ಹೇಳಿದ. ಕೃಷ್ಣೆಯ ದಂಡೆ, ಬ್ಯಾರೇಜಿನ ಪಕ್ಕ, ಒಂದೂಕಾಲು ತಾಸು. ಯಲ್ಲಕ್ಕ ಅದು ಕಿವಿಗೆ ಬೀಳದವಳ ಹಾಗೆ ಕೇಳಿದಳು.

"ಅದಾಳೇನು?"

"ಅದಾಳ ಬೇ."

"ಏನಂದ್ಲು?"

"ಬರ್‍ರಿ ಅಂದ್ಲು. ಎರಡ ಸಲ ಅಂದ್ಲು." ಅವನು ಅವಳ ಎದುರಿಗೆ ಕೂತ. "ನಾ ಯಾರಂತ ಹೇಳಲಿಲ್ಲ. ಆದ್ರ ನಿನಗೊಂದು ಮಾತ ಹೇಳ್ಯಾಳ. ಈ ಸಲ ಹೋಗೂ ಮುಂದ ಹೇಳಿ ಹೋಗ್ಬೇಕಂತ."

ಯಲ್ಲಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಪೂನಮ್ ಅವಳ ಪಕ್ಕ ಕೂತು ಬೆನ್ನ ಮೇಲೆ ಕೈ ಇಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಮುದುಕಿ ಮೂಗು ಒರೆಸಿಕೊಂಡು ಎದ್ದು ಒಳಗೆ ಹೋದಳು. ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು, ಆಮೇಲೆ ರೊಟ್ಟಿ ಎಣಿಸುವ ಸದ್ದು.

"ಅರವತ್ತ ಸಾಲಾಂಗಿಲ್ಲ" ಎಂದಳು ಒಳಗಿನಿಂದ. "ನಾಳೆ ಮತ್ತ ಬಡೀತೇನಿ."

ಭೀಮಶಿ ನೋಟ್‌ಬುಕ್ ತೆಗೆದ. ಕೊಲ್ಲಾಪುರ, ಪನ್ಹಾಳಗಡ, ಸಮುದ್ರ, ಮೂರು ಪುಟಗಳನ್ನು ಹರಿಯದೆ, ಹೊಡೆದುಹಾಕದೆ ಮಡಚಿಟ್ಟ. ಹೊಸ ಪುಟದಲ್ಲಿ ಕೆಂಪು ಗೆರೆ ಎಳೆದು ಬರೆದ. ಐತವಾರ. ಬಿಡುವುದು ಐದು ಗಂಟೆಗೆ. ಮುಟ್ಟುವುದು, ಮಾಲಾಳನ್ನು ಹತ್ತಿಸಿಕೊಂಡು, ಆರೂವರೆಗೆ. ಸ್ಥಳ, ಅನಸವ್ವನ ಹೊಲ. ಅದರ ಮುಂದಿನ ಕಾಲಮ್ಮು ಅಲ್ಲಿಂದ ಹೊರಡುವ ವೇಳೆ. ಅಲ್ಲಿಗೆ ಬಂದು ಪೆನ್ನು ನಿಂತಿತು.

"ಯವ್ವಾ," ಅವನು ಕರೆದ, "ಅಲ್ಲಿಂದ ಎಷ್ಟಕ್ಕ ಬಿಡೂದಂತ ಬರೀಲಿ?"

ಯಲ್ಲಕ್ಕ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು ಮಗನನ್ನು ನೋಡಿದಳು.

"ಅದನ್ನ ಬರೀಬ್ಯಾಡ" ಎಂದಳು. "ಆಕಿ ಹೇಳ್ತಾಳ."

ಭೀಮಶಿ ಪೆನ್ನಿಗೆ ಮುಚ್ಚಳ ಹಾಕಿ, ಆ ಕಾಲಮ್ಮನ್ನು ಖಾಲಿ ಬಿಟ್ಟು ನೋಟ್‌ಬುಕ್ ಮುಚ್ಚಿದ.